ಸಲಾವುದ್ದೀನ್ ಉಸ್ತಾದರು ಹುಮನಾಬಾದಿಗೆ ಹೋದದ್ದು

ಬಸವಕಲ್ಯಾಣದ ಮೆಕ್ಯಾನಿಕ್ ಸಲಾವುದ್ದೀನ್ ಉಸ್ತಾದರು ಇಂಜಿನ್ನಿನ ವಿಷಯದಲ್ಲಿ ಯಾರ ಮಾತನ್ನೂ ಕೇಳುವವರಲ್ಲ. ಉಳಿದ ವಿಷಯಗಳಲ್ಲಿ ಕೇಳುತ್ತಾರೆಯೇ ಎಂದರೆ, ಅವರ ಬಾಯಲ್ಲಿ ಉಳಿದ ವಿಷಯ ಬಂದದ್ದನ್ನು ಕಂಡವರಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಂತರೆ ಗ್ಯಾರೇಜಿನ ಎದುರಿನ ಚಹಾದಂಗಡಿಯ ಅಂಬರೀಷ ಕಪ್ಪು ತೊಳೆಯುವುದನ್ನೂ ನಿಲ್ಲಿಸುತ್ತಾನೆ. ಕಣ್ಣು ತೆರೆದು ಅವರು ಏನು ಹೇಳುತ್ತಾರೋ ಗಾಡಿಗೆ ಅದೇ ರೋಗ.

ಹೀಗೆ ಹೇಳಿ ಹೇಳಿಯೇ ಅವರಿಗೆ ತಂಗಿಯ ಮನೆ ತಪ್ಪಿತು. ತಂಗಿ ಸರ್ವರಿಯ ಗಂಡ ನಸೀರ್ ಮೊದಲು ಇದೇ ಗ್ಯಾರೇಜಿನಲ್ಲಿ ಅವರ ಜೊತೆ ದುಡಿಯುತ್ತಿದ್ದ. ಒಮ್ಮೆ ಒಂದು ಜೀಪಿನ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಿ ನೋಡಿದ. ಒಳಗೆ ಏನೂ ಕೆಟ್ಟಿರಲಿಲ್ಲ. “ನಿನಗ ಪಾನಾ ಹಿಡಿಯೋದು ಬರ್ತದ, ಇಂಜಿನ್ ಬರಂಗಿಲ್ಲ” ಎಂದು ಉಸ್ತಾದರು ಗಿರಾಕಿಗಳ ಮುಂದೆಯೇ ಅಂದುಬಿಟ್ಟರು. ನಸೀರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಕೈ ತೊಳೆದುಕೊಂಡು, ಹುಮನಾಬಾದಿಗೆ ಹೋಗಿ ತನ್ನದೇ ಗ್ಯಾರೇಜ್ ಹಾಕಿದ.

ಅಂದಿನಿಂದ ಅಣ್ಣ-ತಂಗಿಯ ನಡುವೆ ಉಳಿದದ್ದು ಒಂದು ಸ್ಟೀಲ್ ಡಬ್ಬಿ. ಈದ್ ಬಂದರೆ ಸರ್ವರಿ ಅದರ ತುಂಬ ಹಾಲು-ಶಾವಿಗೆಯ ಶೀರ್ ಖುರ್ಮಾ ಕಳಿಸುತ್ತಾಳೆ. ಡಬ್ಬಿಯನ್ನು ಖಾಲಿ ತಿರುಗಿಸಬಾರದೆಂದು ಉಸ್ತಾದರು ಸಕ್ಕರೆ ತುಂಬಿ ಕಳಿಸುತ್ತಾರೆ. ಚೀಟಿಯಿಲ್ಲ, ಫೋನಿಲ್ಲ. ಆ ಶೀರ್ ಖುರ್ಮಾವನ್ನು ಅವರು ಮನೆಯವರಿಗೂ ಸರಿಯಾಗಿ ಕೊಡದೆ ಒಬ್ಬರೇ ತಿನ್ನುತ್ತಾರೆ. ತಂಗಿಯನ್ನು ನೋಡಬೇಕೆಂಬ ಆಸೆ ಅವರಿಗೆ ಬಹಳವಿತ್ತು. ಹೋಗುವುದಕ್ಕೆ ಒಂದು ನೆಪ ಮಾತ್ರ ಇರಲಿಲ್ಲ.

ಡಬ್ಬಿ ಒಯ್ದು ತರುವವನು ಹುಮನಾಬಾದಿನ ಉತ್ತಮ. ಎರಡೂ ಊರುಗಳ ನಡುವೆ ಹಳೆಯ ಪೆಟ್ರೋಲ್ ವ್ಯಾನು ಓಡಿಸುತ್ತಾನೆ. ಈ ಚಳಿಗಾಲಕ್ಕೆ ಆ ವ್ಯಾನಿಗೆ ಹೊಸ ಚಾಳಿ ಹತ್ತಿತು. ಬೆಳಿಗ್ಗೆ ಚಾಲೂ ಮಾಡಿದರೆ ಮೂರು ಸಿಲಿಂಡರಿನ ಇಂಜಿನ್ ಎರಡರ ಮೇಲೆ ಕುಂಟುತ್ತದೆ, ಗಾಡಿಯೆಲ್ಲ ನಡುಗುತ್ತದೆ. ತುಸು ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ.

“ಹೆಡ್ ಕೆಳಗಿನ ಗ್ಯಾಸ್ಕೆಟ್ ಹೋಗ್ಯಾದ, ನೀರು ಸಿಲಿಂಡರಿನಾಗ ಇಳ್ಯಾಕತ್ತದ ಅಂತಾರ್ರಿ ನಸೀರ್ ಭಾಯಿ,” ಎಂದು ಉತ್ತಮ ಬಂದು ಹೇಳಿದ.

“ಮತ್ತ ಹೆಡ್ ಬಿಚ್ಚೋ ಮಾತೇ,” ಎಂದರು ಉಸ್ತಾದರು.

ಸ್ಕ್ರೂಡ್ರೈವರ್ ಹಚ್ಚಿ ಕೇಳಿದರು. ಅಷ್ಟು ದೂರ ಓಡಿಬಂದು ಬಿಸಿಯಾಗಿದ್ದ ಇಂಜಿನ್, ದವಾಖಾನೆ ಮೆಟ್ಟಿಲು ಹತ್ತುತ್ತಲೇ ಜ್ವರ ಬಿಟ್ಟ ಮಗುವಿನಂತೆ ಸುಮ್ಮನಿತ್ತು. ಸೀಟು ಎತ್ತಿ, ಇಂಜಿನ್ ತಂಪಿಡುವ ಕೂಲಂಟಿನ ಬಾಟ್ಲಿ ನೋಡಿದರು. ಗುರುತಿನವರೆಗೂ ತುಂಬಿತ್ತು. ಹಸಿರು ಬಣ್ಣ ಮಾತ್ರ ತಿಳಿಯಾಗಿತ್ತು.

“ಇದರಾಗ ನೀರು ಹಾಕ್ತಿ ಏನು?”

“ಒಂದ್ ಹನಿ ಹಾಕಿಲ್ರಿ ಉಸ್ತಾದ್.”

“ಮತ್ತ ನೀರು ಒಳಗ ಇಳ್ಯಾಕತ್ತಿದ್ರ ಬಾಟ್ಲಿ ತುಂಬಿ ಹ್ಯಾಂಗ ಇರ್ತದ?”

ಉಸ್ತಾದರು ಹಳೆಯ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ನೋಡದೆಯೇ ಎಸೆದರು. ಹೊಸವು ಹಾಕಿ ಕಳಿಸಿದರು. ವ್ಯಾನು ಮತ್ತೆ ಬಂತು. ಪ್ಲಗ್ಗಿನ ವಾಯರುಗಳನ್ನು ಬದಲಿಸಿದರು. ಮತ್ತೂ ಬಂತು, ಕಾರ್ಬುರೇಟರ್ ಬಿಚ್ಚಿ ತೊಳೆದರು. ಬಾಟ್ಲಿ ಪ್ರತಿ ಸಲವೂ ತುಂಬಿಯೇ ಇತ್ತು. ಒಂದು ರಾತ್ರಿ ಗಾಡಿ ಇಲ್ಲೇ ಬಿಟ್ಟುಹೋಗು, ಬೆಳಿಗ್ಗೆ ತಣ್ಣಗಿದ್ದಾಗ ನೋಡುತ್ತೇನೆ ಎಂದರೆ, ಶಾಲೆ ಮಕ್ಕಳ ಬಾಡಿಗೆ ತಪ್ಪುತ್ತದೆಂದು ಉತ್ತಮ ಒಪ್ಪಲೇ ಇಲ್ಲ. ಚಹಾದಂಗಡಿಯಲ್ಲಿ ಕೂತವರು ಕಪ್ಪಿನ ಹಿಂದೆ ನಗತೊಡಗಿದರು.

ಉಸ್ತಾದರಿಗೆ ಸಿಟ್ಟು ನೆತ್ತಿಗೇರಿತು. “ನಸೀರ್ ಹೇಳಿದ್ದು ಖರೆ ಆದ್ರ ಅವನ ಮನಿಗಿ ಹೋಗ್ತೀನಿ. ಅವಂಗ ಉಸ್ತಾದ್ ಅಂತ ಕರೆದು ಚಾ ಕುಡಿದು ಬರ್ತೀನಿ,” ಎಂದರು.

“ನಾವೆಲ್ಲ ಕೇಳೀವ್ರಿ,” ಎಂದ ಅಂಬರೀಷ, ಕಪ್ಪು ತೊಳೆಯುತ್ತ.

ಗಾಡಿ ತಣ್ಣಗಿರುವಾಗಲೇ ನೋಡಬೇಕೆಂದು ಮರುದಿನ ಅವರು ಸಸ್ತಾಪುರ ಬಂಗ್ಲಾ ನಿಲ್ದಾಣದಲ್ಲಿ ಹುಮನಾಬಾದಿನ ಮೊದಲ ಬಸ್ಸು ಹತ್ತಿದರು. ಉತ್ತಮನ ಮನೆ ಮುಟ್ಟಿದಾಗ ಅವನಿನ್ನೂ ಸ್ನಾನ ಮಾಡುತ್ತಿದ್ದ. ಅಂಗಳದಲ್ಲಿ ಅವನ ತಾಯಿ ಕಾಂತಾಬಾಯಿ ಎಮ್ಮೆಯ ಮುಂದೆ ನೀರಿನ ಬಕೆಟ್ ಇಟ್ಟಳು. ಆಮೇಲೆ ತಂಬಿಗೆ ತುಂಬಿಕೊಂಡು ನೇರ ವ್ಯಾನಿನ ಬಳಿ ಹೋಗಿ, ಸೀಟು ಎತ್ತಿ, ಬಾಟ್ಲಿಯ ಮುಚ್ಚಳ ತಿರುವಿ, ನೀರು ಹೊಯ್ಯತೊಡಗಿದಳು.

“ಏನು ಮಾಡಾಕತ್ತೀರಿ ಬಾಯಿ?” ಎಂದರು ಉಸ್ತಾದರು.

“ನೀರು ಕುಡಸಾಕತ್ತೀನ್ರಿ. ದುಡಿಯೋದಕ್ಕ ಬರೇ ಹೊಟ್ಟಿಲೆ ಹೊರಗ ಬಿಡಬಾರದು.”

“ದಿನಾ ಕುಡೀತದ?”

“ಮೊದಲ ಇಷ್ಟು ಕುಡೀತಿದ್ದಿಲ್ಲ. ಥಂಡಿ ಶುರು ಆದಾಗಿಂದ ಅರ್ಧ ತಂಬಿಗಿ ಬೇಕು. ನಮ್ಮ ಉತ್ತಮಗ ಇದೆಲ್ಲಿ ಲಕ್ಷ್ಯ ಇರ್ತದ್ರಿ.”

ಉಸ್ತಾದರು ಹೆಗಲಿನ ಚೀಲ ಕೆಳಗಿಳಿಸಿದರು. ಅದರಿಂದ ಪಾನಾ ತೆಗೆದು ಮೂರೂ ಪ್ಲಗ್ ಬಿಚ್ಚಿದರು. ಎರಡು ಎಂದಿನಂತೆ ಕಂದು ಬಣ್ಣಕ್ಕಿದ್ದವು. ಮೂರನೆಯದು ಒದ್ದೆಯಾಗಿತ್ತು, ತೊಳೆದಿಟ್ಟ ಹಾಗೆ ಫಳಫಳ ಹೊಳೆಯುತ್ತಿತ್ತು. ಉರಿಯುವ ಜಾಗದಲ್ಲಿ ಅಷ್ಟು ಸ್ವಚ್ಛವಾದ ಪ್ಲಗ್ ಇರಬಾರದು. ನೀರು ಬಿದ್ದು, ಆವಿಯಾಗಿ, ಅದನ್ನು ದಿನಾ ತೊಳೆದಿತ್ತು. ಇಂಜಿನ್ ಬಿಸಿಯಾಗಿ ಒಳಗಿನ ನೀರೆಲ್ಲ ಆರಿದ ಮೇಲೆ ಕುಂಟು ನಿಲ್ಲುತ್ತಿತ್ತು, ಹೊರಟ ನೀರಿನ ಜಾಗಕ್ಕೆ ಕಾಂತಾಬಾಯಿಯ ತಂಬಿಗೆ ಬರುತ್ತಿತ್ತು. ನಸೀರ್ ಹೇಳಿದ್ದು ಅಕ್ಷರಶಃ ನಿಜ.

ಆ ಪ್ಲಗ್ಗನ್ನು ನೋಡಿದವರು ಅವರೊಬ್ಬರೇ. ಪ್ಯಾಂಟಿಗೆ ಒರೆಸಿ, ತಿರುಗಿ ಕೂರಿಸಿ, ವಾಯರ್ ಸಡಿಲವಿತ್ತು ಎಂದುಬಿಟ್ಟರೆ ಮುಗಿಯಿತು. ಒರೆಸಿದ್ದೂ ಆಯಿತು. ಅಷ್ಟರಲ್ಲಿ ಉತ್ತಮ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಬಂದು, “ಏನಂತದ್ರಿ ಗಾಡಿ?” ಎಂದ.

ಉಸ್ತಾದರು ಪ್ಲಗ್ಗನ್ನು ಅವನ ಕೈಗೆ ಕೊಟ್ಟರು.

“ಗ್ಯಾಸ್ಕೆಟ್,” ಎಂದರು.

ಕಾಂತಾಬಾಯಿ ಗಾಬರಿಯಾದಳು. “ನಾ ನೀರು ಹಾಕಿದ್ದಕ್ಕ ಕೆಟ್ಟಿತೇನ್ರಿ?”

“ಇಲ್ರಿ ಬಾಯಿ. ನೀವು ಹಾಕಿದ್ದಕ್ಕ ಉಳದದ. ಕೆಟ್ಟಿದ್ದು ನನ್ನ ಲೆಕ್ಕ.”

ನಸೀರನ ಮನೆಯ ಬಾಗಿಲು ತೆರೆದೇ ಇತ್ತು. ಅವನು ಬನಿಯನ್ನಿನಲ್ಲೇ ಹೊರಗೆ ಬಂದ. “ಗ್ಯಾಸ್ಕೆಟ್ ಹೋಗ್ಯಾದ, ಉಸ್ತಾದ್,” ಎಂದರು ಉಸ್ತಾದರು. ಇವರು ಉಸ್ತಾದ್ ಎಂದದ್ದು ಯಾರಿಗೆಂದು ನಸೀರ್ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

“ಜೀಪಿನ ದಿನ ನಾ ಹಾಂಗ ಅನ್ನಬಾರದಿತ್ತು,” ಎಂದರು ಉಸ್ತಾದರು.

“ಬಿಡ್ರಿ ಭಾಯಿ. ಅವತ್ತು ಹೆಡ್ ಬಿಚ್ಚಿದ್ದು ತಪ್ಪೇ ಇತ್ತು.”

“ತಪ್ಪೇ ಇತ್ತು,” ಎಂದು ಉಸ್ತಾದರು ತಕ್ಷಣ ಒಪ್ಪಿದರು. “ಆದ್ರ ಎಲ್ಲರ ಮುಂದ ಅಂದಿದ್ದು ನಂದು ತಪ್ಪು.”

ಸರ್ವರಿ ಚಹಾ ತಂದಿಟ್ಟಳು. ಅವಳ ತಲೆಯ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅದು ಯಾವಾಗ ಆಯಿತೆಂದು ಅಣ್ಣನಿಗೆ ಗೊತ್ತಿರಲಿಲ್ಲ. ಅದನ್ನು ಬಿಟ್ಟು ಬೇರೆಯದನ್ನು ಕೇಳಿದರು.

“ನಸೀರ್ ಮೊದಲೇ ಹೇಳಿದ್ದ. ಮತ್ತ ಉತ್ತಮ ಅಷ್ಟು ದೂರ ನನ್ನ ಹತ್ರ ಯಾಕ ಬಂದ?”

“ನಾನೇ ಕಳಿಸೀನಿ ಭೈಯ್ಯಾ. ಗಾಡಿ ಅಲ್ಲಿ ಬಿಟ್ಟು ಬರಬ್ಯಾಡ ಅಂತನೂ ನಾನೇ ಹೇಳಿದ್ದೆ. ಗಾಡಿ ಅಂದ್ರ ನೀ ಬರ್ತಿ, ತಂಗಿ ಅಂದ್ರ ಬರಂಗಿಲ್ಲ.”

ಉಸ್ತಾದರು ಚಹಾ ಪೂರ್ತಿ ಕುಡಿದರು. ಆಮೇಲೆ ಉತ್ತಮ ತಂದು ನಿಲ್ಲಿಸಿದ ವ್ಯಾನಿನ ಹೆಡ್ಡನ್ನು ನಸೀರ್ ಬಿಚ್ಚುವಾಗ ಪಕ್ಕದಲ್ಲಿ ಕೂತು, ಕೇಳಿದ ಕೇಳಿದ ಪಾನಾ ಕೊಟ್ಟರು. ಮೂರನೇ ಸಿಲಿಂಡರಿನ ಬಳಿ ಗ್ಯಾಸ್ಕೆಟ್ ಕೊರೆದುಹೋಗಿತ್ತು. ಉಸ್ತಾದರು ಹೊಸ ಗ್ಯಾಸ್ಕೆಟ್ ತೆಗೆದುಕೊಟ್ಟರು.

ಸಂಜೆ ಹೊರಡುವಾಗ, ಹೇಗೂ ಬಂದಿದ್ದೇನೆ, ಬರುವ ಈದಿನ ಶೀರ್ ಖುರ್ಮಾ ಈಗಲೇ ಮಾಡಿಕೊಡು, ಡಬ್ಬಿ ನಾನೇ ಒಯ್ಯುತ್ತೇನೆ ಎಂದು ಉಸ್ತಾದರು ಕೇಳಿದರು. ಸರ್ವರಿ ಅಡುಗೆಮನೆಯಿಂದ ಡಬ್ಬಿ ತಂದು ಮುಚ್ಚಳ ತೆಗೆದು ತೋರಿಸಿದಳು. ಕಂಠಮಟ್ಟ ಉಪ್ಪು ತುಂಬಿತ್ತು.

“ಇದು ಈಗ ಉಪ್ಪಿನ ಡಬ್ಬಿ, ಇನ್ನ ಎಲ್ಲೂ ಹೋಗಂಗಿಲ್ಲ. ಶೀರ್ ಖುರ್ಮಾ ಬೇಕಂದ್ರ ಇಲ್ಲಿಗೇ ಬಂದು ತಿನ್ನಬೇಕು.”

ಉಸ್ತಾದರು ಡಬ್ಬಿಯ ಮುಚ್ಚಳ ತಾವೇ ಮುಚ್ಚಿದರು.

“ಬರುವಾಗ ಸಕ್ಕರಿ ತರ್ಲ್ಯಾ?” ಎಂದು ಕೇಳಿದರು.

ಅಲ್ಲಿಯವರೆಗೂ ಗಟ್ಟಿಯಾಗಿದ್ದ ಸರ್ವರಿ ಆಗ ಅತ್ತಳು.