ಮಿಡಿಸೌತೆ ಬಿಡಿಸಿದ ಬೆಳಿಗ್ಗೆ

ಜಗಲಿಯ ಮೇಲೆ ಅವ್ವ, ನಾನು, ಕಾಯಿ ಬಿಡಿಸಲು ಬಂದಿದ್ದ ಆರು ಹೆಂಗಸರು, ಜೊತೆಗೆ ಕಂಪನಿಯ ಸೂಪರ್‌ವೈಸರ್ ಇದ್ದೆವು. ಚನ್ನರಾಯಪಟ್ಟಣದಿಂದ ಬಾಗೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪನಿಯವರೇ ಮಿಡಿಸೌತೆಯ ಬೀಜ ಕೊಟ್ಟು, ಬೆರಳುದ್ದದ ಕಾಯಿ ಕೊಂಡು, ಉಪ್ಪುನೀರಿಗೆ ಹಾಕಿ ಹಡಗು ಹತ್ತಿಸುತ್ತಿದ್ದರು. ನಮ್ಮ ಮನೆ ನಡೆಯುತ್ತಿದ್ದುದೇ ಆ ಬೆಳೆಯಿಂದ.

ಹಿಂದಿನ ದಿನ ಮೇಲಿನ ಬೀದಿಯ ಅಜ್ಜ ತೀರಿಕೊಂಡಿದ್ದರು. ಊರಲ್ಲಿ ಹೆಣವಿದ್ದರೆ ನಮ್ಮಲ್ಲಿ ಯಾರೂ ಹೊಲಕ್ಕೆ ಇಳಿಯುವುದಿಲ್ಲ. ಅರಕಲಗೂಡಿನಿಂದ ಮಗಳು ಬಂದು ಮುಖ ನೋಡಿ, ಮಣ್ಣು ಮಾಡುವಷ್ಟರಲ್ಲಿ ಸಂಜೆಯಾಗಿತ್ತು. ರಾಗಿಯಾದರೆ ಒಂದು ದಿನ ತಡೆದೀತು. ಮಿಡಿಸೌತೆ ಮಾತ್ರ ಬೆಳಗಾಗುವುದರೊಳಗೆ ದಪ್ಪಗಾಗಿತ್ತು.

ಸೂಪರ್‌ವೈಸರ್ ಅಳತೆಯ ತೂತಿನ ತಗಡಿಗೆ ಕಾಯಿ ತೂರಿಸಿ ನೋಡಿ, ತೂರದ ದಪ್ಪ ಕಾಯಿಯ ಮೂಟೆಗಳನ್ನು ಬೇಡವೆಂದು ಬದಿಗೆ ಸರಿಸಿದ. ಕೆಟ್ಟವನೇನಲ್ಲ. ಅವ್ವ ಕೊಟ್ಟ ಕಾಫಿ ಕುಡಿದು, ಮೆಲ್ಲಗೆ ಹೇಳಿದ: “ನಂಗೆ ಅರ್ಥ ಆಗ್ತದಮ್ಮ, ಮೇಲಿನೋರಿಗೆ ಏನಂತ ಹೇಳ್ಲಿ? ಇನ್ನೊಂದ್ಸಲ ಹಿಂಗಾದ್ರೆ ಮುಂದಿನ ಬೆಳೆಗೆ ನಿಮಗೆ ಬೀಜ ಕೊಡಲ್ಲ.”

“ಬಲಿಯಾಕೇ ಬುಡಾಕಿಲ್ವಲ್ಲ ಸಾ, ತಿನ್ನೋ ಜನಕ್ಕೆ ಹಲ್ಲೇ ಇಲ್ವಾ?” ಎಂದಳು ಕಾಯಿ ಬಿಡಿಸಲು ಬಂದಿದ್ದ ಪಕ್ಕದ ಮನೆ ಅತ್ತೆ. ಎಲ್ಲರೂ ನಕ್ಕರು, ಅವನೂ ನಕ್ಕ. ಅವ್ವ ನಗಲಿಲ್ಲ.

ಅತ್ತೆಗೂ ಅವ್ವನಿಗೂ ಹಳೆಯ ಮುಯ್ಯಾಳಿನ ಲೆಕ್ಕ: ಇವತ್ತು ಇವಳ ಹೊಲಕ್ಕೆ ಅವಳು, ನಾಳೆ ಅವಳ ಹೊಲಕ್ಕೆ ಇವಳು. ಸೂಪರ್‌ವೈಸರ್ ಹೋದ ಮೇಲೆ ಅವ್ವ, ಇನ್ನೊಂದು ಸಾವಾದರೆ ಏನು ಮಾಡುವುದೆಂದು ಅತ್ತೆಯನ್ನು ಕೇಳಿದಳು. “ಹೆಣ ಮಡೀಕಂಡು ಯಾರಾರಾ ಕಾಯಿ ಬುಡುಸ್ತಾರಾ? ಬೀಜ ಓದ್ರೆ ಓಯ್ತು ಬುಡಮ್ಮಿ,” ಎಂದಳು ಅತ್ತೆ.

ಮುಂದಿನ ವರ್ಷ ಅತ್ತೆಯೂ ಮಿಡಿಸೌತೆ ಹಾಕಿದಳು. ಕಾಯಿ ಜೋರಾಗಿ ಬರುತ್ತಿದ್ದಾಗಲೇ ಒಂದು ದಿನ ಬೆಳಗಿನ ಜಾವ ಅವಳ ಗಂಡ ತೀರಿಕೊಂಡರು. ಅವ್ವ ಹೊಲದ ಮಾತೆತ್ತದೆ ಅತ್ತೆಯ ಪಕ್ಕ ಕೂತಳು. ಬೀಜ ಹೋಗುವುದಂತೂ ಖಂಡಿತವೆಂದು ನಾನು ಅಂದುಕೊಂಡೆ. ಬಿಸಿಲು ಅಂಗಳಕ್ಕೆ ಬಂದಾಗ, ಗೋಡೆಗೊರಗಿದ್ದ ಅತ್ತೆ ಅವ್ವನ ಕೈ ಮುಟ್ಟಿದಳು.

“ಲಾರಿ ಬತ್ತದೆ. ನಿನ್ ಕಾಯಿ ಬುಡಿಸ್ಕಾ, ಓಗು.” ಅವ್ವ ಏಳುವಾಗ, “ನಮ್ದೂ ಬುಡುಸ್ಬುಡು ಕಣಮ್ಮಿ,” ಎಂದಳು.

ಅವ್ವ ಉಳಿದ ಹೆಂಗಸರನ್ನು ಕರೆದುಕೊಂಡು ಹೋದಳು. ಎರಡೂ ಹೊಲದ ಕಾಯಿ ಬಿಡಿಸಿ ಮೂಟೆಗೆ ತುಂಬಿದರು. ನಾನು ಮೂಟೆಯ ಬಾಯಿ ಕಟ್ಟಿದೆ. ಲಾರಿ ಎಲ್ಲವನ್ನೂ ಹಾಕಿಸಿಕೊಂಡು ಹೋಯಿತು. ಅವ್ವ ಕೈಗೆ ಅಂಟಿದ್ದ ಕಾಯಿಯ ಸಣ್ಣ ಮುಳ್ಳುಗಳನ್ನು ತೊಳೆದುಕೊಂಡು, ಹೆಣ ಎತ್ತುವ ಮೊದಲೇ ಅತ್ತೆಯ ಪಕ್ಕ ಬಂದು ಕೂತಳು.