ಹಗಲು ಹೊತ್ತಿನ ಮದುವೆ

ನನ್ನ ಎರಡನೆಯ ಮದುವೆಗೆ ಯಾರೂ ಬೇಡ ಅನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಈಗಿನವರು ನಮ್ಮ ವಿಷಯ ಕೇಳಿದ ಕೂಡಲೇ ಊರೆಲ್ಲ ಕೋಲು ಹಿಡಿದು ಬೆನ್ನು ಹತ್ತಿರಬೇಕು ಅಂದುಕೊಳ್ಳುತ್ತಾರೆ. ಹಾಗೇನೂ ಆಗಲಿಲ್ಲ. ನಮ್ಮ ಕಡೆಯ ಒಕ್ಕಲುತನದ ಮನೆಗಳಲ್ಲಿ ಗಂಡ ಸತ್ತ ಹೆಣ್ಣನ್ನು ಮತ್ತೊಬ್ಬನಿಗೆ ಕೊಡುವ ರೂಢಿ ಹಿಂದಿನಿಂದಲೂ ಇತ್ತು. ಅದಕ್ಕೆ ಉಡಿಕೆ ಅನ್ನುತ್ತಿದ್ದರು, ಮದುವೆ ಅನ್ನುತ್ತಿರಲಿಲ್ಲ. ಉಡಿಕೆ ಕತ್ತಲಾದ ಮೇಲೆ ಆಗಬೇಕು. ವಾದ್ಯ ಇರಬಾರದು, ಅರಿಷಿಣ ಹಚ್ಚಬಾರದು, ಅಕ್ಕಿಕಾಳು ಬೀಳಬಾರದು, ಮುತ್ತೈದೆಯರು ಕಣ್ಣಿಂದ ನೋಡಬಾರದು. ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ, ಹೊತ್ತು ಮೂಡುವುದರೊಳಗೆ ಗಂಡನ ಮನೆಗೆ ಹಿತ್ತಲ ಬಾಗಿಲಿಂದ ಹೊಗಿಸಿಬಿಡಬೇಕು. ನಾನು ಬೇಡ ಅಂದದ್ದು ಆ ಕತ್ತಲನ್ನು.

ಎಪ್ಪತ್ತರ ದಶಕದ ನಡುವಿನ ಮಾತು. ಹದಿನೇಳಕ್ಕೆ ನನ್ನ ಮದುವೆಯಾಗಿತ್ತು, ಹತ್ತೊಂಬತ್ತಕ್ಕೆ ಗಂಡ ಜ್ವರ ಬಂದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅಪ್ಪ ನನ್ನನ್ನು ತಿಕೋಟಾಕ್ಕೆ ವಾಪಸು ಕರೆತಂದ. ಅವ್ವ ನಾನು ಸಣ್ಣವಳಿದ್ದಾಗಲೇ ಹೋಗಿದ್ದಳು. ಸಾಕಿದವಳು ಅವ್ವನ ಅಕ್ಕ, ನನ್ನ ದೊಡ್ಡವ್ವ. ಆಕೆಯೂ ಗಂಡನನ್ನು ಕಳೆದುಕೊಂಡವಳೇ, ನಮ್ಮ ಮನೆಯಲ್ಲೇ ಇದ್ದಳು.

ನಾನು ಮೂಲೆ ಹಿಡಿದು ಕೂತದ್ದನ್ನು ನೋಡಲಾರದೆ ಅಪ್ಪ ಒಂದು ಹಳೆಯ ಹೊಲಿಗೆ ಮಶೀನು ತಂದ. "ಕೈ ಸುಮ್ಮ ಕುಂತ್ರ ತಲಿ ಸುಮ್ಮ ಕೂಡೂದಿಲ್ಲ" ಅಂದ. ಪಡಸಾಲೆಯಲ್ಲಿ ಕುಳಿತು ಊರ ಹೆಂಗಸರ ಕುಬಸ ಹೊಲಿಯತೊಡಗಿದೆ. ಹೊಲಿಗೆ ಚೆನ್ನಾಗಿದೆ ಎಂದು ಎಲ್ಲರೂ ಬಂದರು. ಆದರೆ ಮದುಮಗಳ ಕುಬಸವನ್ನು ಮಾತ್ರ ಯಾರೂ ನನ್ನ ಕೈಗೆ ಕೊಡುತ್ತಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಎದುರಿಗೆ ನಾನು ಬಂದರೆ ಮರಳಿ ಮನೆಗೆ ಹೋಗಿ, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು.

ಮಶೀನು ಹೊಲಿಗೆ ಬಿಡತೊಡಗಿದಾಗ ಅಪ್ಪ ಒಬ್ಬ ರಿಪೇರಿಯವನನ್ನು ಕರೆತಂದ. ಜೈನಾಪುರದವನು. ಅಲ್ಲಿ ಅವನ ತಾಯಿ ಹೊಲ ಮಾಡಿಸಿಕೊಂಡು ಒಬ್ಬಳೇ ಇದ್ದಳು. ಇವನು ವಿಜಯಪುರದಲ್ಲಿ, ಆಗ ನಮ್ಮ ಬಾಯಲ್ಲಿ ಅದು ವಿಜಾಪುರ, ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯೊಂದರಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ವಾರದಲ್ಲಿ ಎರಡು ದಿನ ಚೀಲ ಹೆಗಲಿಗೇರಿಸಿ ತಿಕೋಟಾ, ಬಬಲೇಶ್ವರದ ಸಂತೆಗಳಿಗೆ ಬಸ್ಸಿನಲ್ಲಿ ಬರುತ್ತಿದ್ದ. ಮಶೀನು ಬಿಚ್ಚಿ ನೋಡಿ ನನ್ನ ಕಡೆ ತಿರುಗಿದ.

"ಇದರದೇನೂ ತಪ್ಪಿಲ್ಲರಿ. ನೀವು ಭಾಳ ಜೋರ ತುಳಿತೀರಿ. ಯಾರ ಮ್ಯಾಲ ಸಿಟ್ಟು?"

"ಸಿಟ್ಟಿನ ರಿಪೇರಿನೂ ಮಾಡ್ತೀರೇನು?" ಅಂದೆ.

"ಅದು ನನಗ ಬರೂದಿಲ್ಲ. ಎಣ್ಣಿ ಅಷ್ಟ ಹಾಕ್ತೇನಿ."

ಆಮೇಲೆ ಪ್ರತಿ ಸಂತೆಗೂ ಬರತೊಡಗಿದ. ಬಸ್ಸಿಳಿದು ನೇರ ನಮ್ಮ ಮನೆ, ಆಮೇಲೆ ಉಳಿದ ಮನೆ. ಒಮ್ಮೆ ತಡೆಯಲಾರದೆ ಕೇಳಿದೆ, "ಮುಂಜಾನೆದ್ದು ಮೊದಲ ನಮ್ಮ ಮನಿಗೆ ಯಾಕ ಬರ್ತೀರಿ? ನನ್ನ ಮಾರಿ ನೋಡಿದ್ರ ಕೆಲಸ ಕೆಡತೈತಿ ಅಂತ ಊರಾಗ ಯಾರೂ ಹೇಳಲಿಲ್ಲೇನು?"

"ಹೇಳ್ಯಾರ್ರಿ. ಅದಕ್ಕ ನಾಕ ವಾರ ಲೆಕ್ಕ ಹಿಡದೆ. ನಿಮ್ಮ ಮಾರಿ ನೋಡಿ ಹೋದ ದಿವಸ ಒಂದ ಮಶೀನಾದ್ರೂ ಜಾಸ್ತಿ ಸಿಗತೈತಿ."

ಚೇಷ್ಟೆ ಮಾಡುತ್ತಿದ್ದಾನೆ ಅನ್ನಿಸಿ ಸಿಟ್ಟು ಬಂತು. ಎದ್ದು ಒಳಗೆ ಹೋದೆ. ಬಾಗಿಲ ಸಂದಿಯಿಂದ ನೋಡಿದರೆ ಅವನ ಮುಖದಲ್ಲಿ ನಗು ಇರಲಿಲ್ಲ. ತಲೆ ತಗ್ಗಿಸಿ ಸೂಜಿ ಒರೆಸುತ್ತ ಕುಳಿತಿದ್ದ. ಆ ದಿನ ಮಶೀನು ಮೆತ್ತಗೆ ತುಳಿದೆ.

ವರ್ಷ ಕಳೆಯುವುದರೊಳಗೆ ಅವನು ಕೇಳಿಯೇಬಿಟ್ಟ. "ನನ್ನ ಕೂಡ ವಿಜಾಪುರಕ್ಕ ಬರ್ತೀರೇನು?"

"ಸಂತಿಗೇನು?"

"ಇರಾಕ."

ಎರಡು ಸಂತೆ ಯೋಚಿಸಿದೆ. ಮೂರನೆಯದಕ್ಕೆ ಬಂದಾಗ ಹೇಳಿದೆ, "ಬರ್ತೇನಿ. ಆದ್ರ ಹಗಲ ಬರ್ತೇನಿ." ಅವನು ನಮ್ಮ ಕಡೆಯವನೇ, ಹೆಚ್ಚಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಹಂಗಾದ್ರ ಹಗಲನ" ಅಂದ.

ಅವನ ತಾಯಿ ಮಾತುಕತೆಗೆ ಬಂದಳು. ತೆಳ್ಳಗಿನ, ನೆಟ್ಟಗಿನ ಹೆಂಗಸು. ಊರಿನ ಇಬ್ಬರು ಹಿರಿಯರು ಕೂತಿದ್ದರು. ಆಕೆ ನನ್ನನ್ನು ಬೇಡ ಅನ್ನಲಿಲ್ಲ. ಆದರೆ ತನ್ನ ಮಗನಿಗೆ ಇದು ಮೊದಲನೆಯದು ಅನ್ನುವುದು ಆಕೆಯ ಸಂಕಟ.

"ಮೊದಲ ಅಂವ ಎಕ್ಕಿ ಗಿಡಕ್ಕ ತಾಳಿ ಕಟ್ಟಲಿ. ಗಿಡಾ ಕಡದ ಒಗದ್ರ ಅವಂದೂ ಒಂದ ಮದುವಿ ಮುಗದಂಗ ಆಗತೈತಿ. ಆಮ್ಯಾಲ ಹೊತ್ತ ಮುಳಗಿದ ಮ್ಯಾಲ ಉಡಿಕಿ ಮಾಡ್ಕೊಂಡು ಹೋಗ್ತೇವಿ" ಅಂದಳು. ಹಿರಿಯರು ತಲೆ ಆಡಿಸಿದರು. ಹಾಗೆ ಮಾಡುವುದು ರೂಢಿಯೇ ಆಗಿತ್ತು.

ಅವನು ಮೆಲ್ಲಗೆ ಹೇಳಿದ, "ಗಿಡಾ ಲಗ್ನ ಮಾಡ್ಕೊಂಡು ಅದನ್ನ ಕಡದ ಬರೂದು ನನ್ನ ಕೈಲಿ ಆಗೂದಿಲ್ಲವ್ವಾ. ಆ ಗಿಡಾ ನನಗೇನ ಮಾಡೈತಿ?"

ಒಬ್ಬ ಹಿರಿಯನಿಗೆ ನಗು ಬಂತು. ನಾನು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತೆ. ನಿಲ್ಲಬಾರದಿತ್ತು, ನಿಂತೆ. "ನಾ ಕಳವು ಮಾಡಿಲ್ಲ. ಕತ್ತಲಾಗ ಹೋಗೂದಿಲ್ಲ. ಅಕ್ಕಿಕಾಳ ಬೀಳಬೇಕು, ಮುಂದಿನ ಬಾಗಲದಿಂದ ಒಳಗ ಹೋಗಬೇಕು. ಇಲ್ಲಂದ್ರ ಇಲ್ಲೇ ಇರ್ತೇನಿ" ಅಂದೆ.

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. "ನಾ ಇಪ್ಪತ್ತ ವರ್ಷ ಒಬ್ಬಾಕಿನ ಕುಂತೇನಿ, ಮಗನ್ನ ಹಿಡಕೊಂಡು. ನನ್ನ ಯಾರೂ ಹಗಲನೂ ಕೇಳಲಿಲ್ಲ, ಕತ್ತಲನೂ ಕೇಳಲಿಲ್ಲ. ನಿನಗ ಒಂದ ಸಿಕ್ಕೈತಿ. ಅದರಾಗ ಮತ್ತ ಆರಸಾಕತ್ತಿ."

ಆಕೆ ಹೇಳಿದ್ದು ನಿಜವಾಗಿತ್ತು. ಆದರೂ ನಾನು ಹಿಂದೆ ಸರಿಯಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಮರುದಿನ ದೊಡ್ಡವ್ವನ ಜೊತೆ ಜೋಳ ಹಸನು ಮಾಡುತ್ತಿದ್ದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಮೊರ ಬದಿಗಿಟ್ಟು, "ನಂದೂ ಎರಡನೇದು ಉಡಿಕಿನ. ದನದ ಕೊಟಗಿಯಾಗ ಮಾಡಿದ್ರು. ದೀಪದ ಮ್ಯಾಲ ಬುಟ್ಟಿ ಮುಚ್ಚಿದ್ರು. ತಾಳಿ ಕಟ್ಟಿದವನ ಮಾರಿ ನಾ ನೋಡಿದ್ದು ಮರುದಿನ, ಅಂವ ಎತ್ತಿಗೆ ನೀರ ಕುಡಸಾಕತ್ತಾಗ" ಅಂದಳು.

"ಹೆಂಗಿದ್ದ ದೊಡ್ಡವ್ವಾ?"

"ಚಲೋ ಇದ್ದ. ಅದಕ್ಕ ಇನ್ನೂ ಸಿಟ್ಟ ಬರತೈತಿ. ಅಂಥವನ್ನ ಮುಚ್ಚಿ ಇಡೂವಂಥಾದ್ದೇನಿತ್ತು?"

ಅಪ್ಪ ಮೂರು ದಿನ ಯೋಚಿಸಿ ಒಪ್ಪಿದ. "ಮೊದಲನೇದನ್ನ ಊರ ಕರದು, ಎಲ್ಲಾರೂ ಹೇಳಿದಂಗ ಮಾಡಿದೆ. ಇದನ್ನ ನೀ ಹೇಳಿದಂಗ ಮಾಡೂಣು" ಅಂದ. ತಿಕೋಟಾದಲ್ಲಿ ಹಗಲು ಉಡಿಕೆಗೆ ಯಾರೂ ಬರುವುದಿಲ್ಲ ಎಂದು ಹಿರಿಯರು ಹೇಳಿ ಕಳಿಸಿದರು. ಅದಕ್ಕೇ ವಿಜಾಪುರ. ಅವನಿಗೆ ಅಂಗಡಿ ಬಾಡಿಗೆಗೆ ಕೊಟ್ಟ ಮಾಲಕರು ವ್ಯಾಪಾರಸ್ಥರು. ತಮ್ಮ ಮನೆಯ ಮುಂದಿನ ಅಂಗಳ ಬಿಟ್ಟುಕೊಟ್ಟರು. ಅವನ ತಾಯಿ ಮಾತ್ರ ಬರುವುದಿಲ್ಲ ಎಂದು ಜೈನಾಪುರದಲ್ಲೇ ಉಳಿದಳು.

ಬೆಳಗಿನ ಬಸ್ಸಿಗೆ ನಾವು ಮೂವರೇ ಹೊರಟೆವು, ಅಪ್ಪ, ದೊಡ್ಡವ್ವ, ನಾನು. ಹಸಿರು ಖಣದ ಕುಬಸ ತೊಟ್ಟಿದ್ದೆ. ನಾನು ಹೊಲಿದ ಮೊದಲ ಮದುಮಗಳ ಕುಬಸ ನನ್ನದೇ ಆಗಿತ್ತು. ಬಸ್ಸಿನಲ್ಲಿ ಊರಿನವರು ಇದ್ದರು. ಯಾರೂ ಏನೂ ಕೇಳಲಿಲ್ಲ. ನಾನೇ ಪಕ್ಕದ ಹೆಂಗಸಿಗೆ ಹೇಳಿದೆ, "ಲಗ್ನಕ್ಕ ಹೊಂಟೇನ್ರಿ. ನಂದ." ಆಕೆ ಕಿಟಕಿಯ ಕಡೆ ಮುಖ ಮಾಡಿದಳು.

ಅಂಗಳದಲ್ಲಿ ನಾಲ್ಕು ಗಳ ನಿಲ್ಲಿಸಿ ಮೇಲೆ ಧೋತರ ಕಟ್ಟಿದ್ದರು. ಒಂದು ಸನಾದಿ, ಒಂದು ಹಲಗೆ. ಸನಾದಿಯವನಿಗೆ ಹೇಗೋ ವಿಷಯ ತಿಳಿದು, "ಉಡಿಕಿಗೆ ಊದೂದಿಲ್ರಿ ನಾವು" ಅಂದ. ಅವನು, ಮದುಮಗ, ಬಾಸಿಂಗ ಸರಿಮಾಡಿಕೊಳ್ಳುತ್ತ, "ಉಡಿಕಿಗೆ ಊದಬ್ಯಾಡೋ ಯಪ್ಪಾ. ಮದುವಿಗೆ ಊದು. ಹೊತ್ತ ಎಲ್ಲೈತಿ ನೋಡು" ಅಂದ. ಹೊತ್ತು ನೆತ್ತಿಯ ಮೇಲಿತ್ತು. ಸನಾದಿಯವನು ಒಮ್ಮೆ ಮೇಲೆ ನೋಡಿ, ಊದಿದ.

ಮದುವೆ ಮಾಡಿಸುವ ಅಯ್ಯನವರು ಬಂದಿದ್ದರು. ಮೂವರು ಒಲ್ಲೆ ಅಂದ ಮೇಲೆ ಒಪ್ಪಿದ ನಾಲ್ಕನೆಯವರು. ಮಂತ್ರ ಹೇಳುತ್ತ ಅಕ್ಕಿಕಾಳಿನ ಹೊತ್ತಿಗೆ ನಿಂತರು. "ಮುತ್ತೈದೇರ್ ಯಾರೂ ಇಲ್ಲಲ್ಲ. ಅಕ್ಕಿಕಾಳ ಯಾರ ಹಾಕಾವ್ರು?" ಅಂದರು. ಓಣಿಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ಮಾಲಕರ ಹೆಂಡತಿಯೂ ಒಳಗೇ ಇದ್ದಳು. ಕೇಳಿದ್ದೆಲ್ಲ ಸಿಕ್ಕು, ಇದೊಂದು ಸಿಗದೆ ಹೋದರೆ?

ದೊಡ್ಡವ್ವ ರೂಢಿಯಂತೆ ದೂರ ಗೋಡೆಯ ಬುಡದಲ್ಲಿ ಕುಳಿತಿದ್ದಳು. ಮೊಣಕಾಲಿಗೆ ಕೈ ಕೊಟ್ಟು ಎದ್ದಳು. ಬಂದು ತಟ್ಟೆ ಎತ್ತಿಕೊಂಡಳು.

"ನೀವ ಹಾಕಬಾರದವ್ವಾ" ಅಂದರು ಅಯ್ಯನವರು.

"ಇದನ್ನ ಸಾಕಿದಾಕಿ ನಾ. ಜಳಕಾ ಮಾಡಿಸಿ, ಉಣಿಸಿ, ಅತ್ತಾಗ ಎತ್ಕೊಂಡ ಕೈ ಇವು. ಇದಕ್ಕ ಕೆಟ್ಟದಾಗೂದಿದ್ರ ಆವಾಗನ ಆಗತಿತ್ತು. ನೀವು ನಿಮ್ಮ ಮಂತ್ರಾ ಹೇಳ್ರಿ."

ಹೇಳಿ ಮುಷ್ಟಿ ತುಂಬ ಅಕ್ಕಿ ತೆಗೆದು ನಮ್ಮ ಮೇಲೆ ಹಾಕಿದಳು. ಮೆಲ್ಲಗೆ ಅಲ್ಲ, ಹೊಲದಲ್ಲಿ ಹಕ್ಕಿ ಓಡಿಸುವವರ ಹಾಗೆ ಬೀಸಿ. ನನ್ನ ಕಣ್ಣಿಗೆ ಒಂದು ಕಾಳು ಬಡಿದು ನೀರು ಬಂತು. ನಾನು ಅಳುತ್ತಿದ್ದೇನೆ ಎಂದು ಎಲ್ಲರೂ ತಿಳಿದರು. ಆಮೇಲೆ ಅಪ್ಪ ಹಾಕಿದ. ಮಶೀನು ಬಿಟ್ಟು ಎದ್ದು ಬಂದಿದ್ದ ಓಣಿಯ ದರ್ಜಿಗಳು ಹಾಕಿದರು. ಎದುರು ಮನೆಯ ಸೊಸೆಯೊಬ್ಬಳು ಬಾಗಿಲಲ್ಲೇ ನಿಂತು, ಯಾರೂ ಕಾಣದ ಹಾಗೆ, ಒಂದು ಹಿಡಿ ಬೀಸಿದಳು. ಅದು ನಮ್ಮವರೆಗೆ ಬರದೆ ಓಣಿಯ ನಡುವೆ ಬಿತ್ತು. ತಾಳಿ ಕಟ್ಟುವಾಗ ಅವನ ಮುಖ ನೇರ ನೋಡಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಮೂಗಿನ ಮೇಲೆ ಬೆವರಿತ್ತು.

ಊಟ ಮುಗಿಸಿ, ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕು ಎಂದು ನಾನು ಅವಸರ ಮಾಡಿದೆ. ಬಬಲೇಶ್ವರದ ತನಕ ಬಸ್ಸು, ಅಲ್ಲಿಂದ ಜೈನಾಪುರಕ್ಕೆ ಜೀಪು. ಮನೆ ಮುಟ್ಟಿದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಮುಂದಿನ ಬಾಗಿಲು ಹಾಕಿತ್ತು. ಒಳಗಿನಿಂದ ಅತ್ತೆಯ ದನಿ ಬಂತು. "ಹಿತ್ತಲ ಬಾಗಲಾ ತಗದೈತಿ."

ಅಕ್ಕಪಕ್ಕದವರು ಕಟ್ಟೆಗಳ ಮೇಲೆ ಬಂದು ನಿಂತಿದ್ದರು. ನಾನು ಗಂಟು ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತೆ.

"ಈಗೇನ ಮಾಡೂಣು?" ಅಂದ ಅವನು.

"ನೀವು ಈ ಮನಿ ಮಗ. ಯಾವ ಬಾಗಲದಿಂದ ಹೋದ್ರೂ ನಡಿತೈತಿ. ಹಿತ್ತಲದಿಂದ ಹೋಗಿ ಇದನ್ನ ತಗೀರಿ."

ಅವನು ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಬಾಸಿಂಗ ಕಟ್ಟಿಕೊಂಡೇ, ಎಮ್ಮೆಯ ಗೋದಲಿ ದಾಟಿ, ಬಗ್ಗಿ ಹಿತ್ತಲ ಬಾಗಿಲಿಂದ ಒಳಗೆ ಹೋದ. ಅತ್ತೆ ಕೂಗಿದ್ದು ಹೊರಗೆ ಕೇಳಿತು, "ಲೇ, ಮದುಮಗ ಹಿತ್ತಲದಿಂದ ಬರ್ತಾನೇನೋ?"

"ಬಾಗಲಾ ಹಾಕಿದಾಕಿ ನೀನ ಅಲ್ಲೇನವ್ವಾ?"

ಅಗುಳಿ ಸರಿಯಿತು. ಅಕ್ಕಿ ಸಿಗದೆ ಅವನು ಸೇರಿನಲ್ಲಿ ಜೋಳ ತುಂಬಿ ಹೊಸ್ತಿಲ ಮೇಲೆ ಇಟ್ಟ. ಬಲಗಾಲಿನಿಂದ ಸೇರು ಒದ್ದು ಒಳಗೆ ಬಂದೆ. ಅಡುಗೆಮನೆಯಿಂದ ಮತ್ತೆ ಅದೇ ದನಿ, "ಜೋಳ ಹಾಳ ಮಾಡಬ್ಯಾಡ್ರಿ. ನಾಳಿಗೆ ಬೀಸೂದೈತಿ." ಕುಳಿತು ಒಂದೊಂದೇ ಕಾಳು ಆಯ್ದುಕೊಂಡೆ. ಆ ಮನೆಯಲ್ಲಿ ನನ್ನ ಮೊದಲ ಕೆಲಸ ಅದು.

ನಾವು ವಿಜಾಪುರದಲ್ಲೇ ಉಳಿದೆವು, ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ. ನಾನು ಅಂಗಡಿಯ ಮುಂದೆಯೇ ಮಶೀನು ಹಾಕಿಕೊಂಡೆ. ಜೈನಾಪುರದವರು ಎಷ್ಟೋ ವರ್ಷ ನನ್ನನ್ನು ಉಡಿ ತುಂಬಲು ಕರೆಯಲಿಲ್ಲ. ಕರೆಯದಿದ್ದರೂ ಮದುವೆಗಳಿಗೆ ಹೋಗಿ ಎಲ್ಲರ ನಡುವೆ ಕೂತೆ. ಎದ್ದು ಹೋಗು ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅತ್ತೆ ಮೊದಲ ವರ್ಷ ನನ್ನ ಕೈಯ ನೀರು ಮುಟ್ಟಲಿಲ್ಲ. ಆಮೇಲೆ ಮುಟ್ಟಿದಳು, ಆದರೆ ಬಂದವರಿಗೆಲ್ಲ, "ಮದುಮಗನ್ನ ಹಿತ್ತಲದಿಂದ ಹೊಗಸಿದಾಕಿ ಈಕಿನ" ಎಂದು ಹೇಳುವುದನ್ನು ಬಿಡಲಿಲ್ಲ.

ನಮ್ಮ ಮಗಳು ಶಾಲೆಗೆ ಸೇರಿದ ವರ್ಷ ಜೈನಾಪುರದ ಪಕ್ಕದ ಮನೆಯ ಹುಡುಗಿಯ ಗಂಡ ತೀರಿದ. ಮರುವರ್ಷ ಆಕೆಗೆ ಉಡಿಕೆ ಗೊತ್ತಾಯಿತು. ಅತ್ತೆ ತಾನಾಗಿ ಆ ಮನೆಗೆ ಹೋಗಿ, "ಹಗಲ ಮಾಡ್ರಿ" ಅಂದಳಂತೆ. ಅವರು ಮಾಡಿದರು. ಈ ಸುದ್ದಿ ನನಗೆ ಬೇರೆಯವರಿಂದ ತಿಳಿಯಿತು. ಊರಿಗೆ ಹೋದಾಗ ರೊಟ್ಟಿ ಬಡಿಯುತ್ತ ಕೇಳಿದೆ, "ಹಗಲ ಮಾಡ್ರಿ ಅಂತ ಹೇಳಿದ್ರಂತ, ಖರೇನ?"

"ಕತ್ತಲಾಗ ನನಗ ಈಗ ಕಣ್ಣ ಕಾಣಸೂದಿಲ್ಲ" ಅಂದಳು ಅತ್ತೆ. "ಹಗಲಾದ್ರ ಹೋಗಿ ನೋಡಬಹುದು ಅಂತ ಹೇಳಿದೆ."

"ಹೋಗಿದ್ರೇನು?"

"ಮುಂದನ ಕುಂತಿದ್ದೆ" ಅಂದಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದೆ ಎಂದು ನನ್ನನ್ನು ಗದರಿದಳು.