ಸ್ಟೆತಸ್ಕೋಪಿನೊಳಗಿನ ಹತ್ತಿ

ಡಾಕ್ಟರು ಸ್ಟೆತಸ್ಕೋಪನ್ನು ಕಿವಿಗಿಟ್ಟುಕೊಂಡು ರೋಗಿಯ ಎದೆಗೆ ಒತ್ತಿದ್ದನ್ನು ಕಂಡು ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಹತ್ತಿರ ಬಂದೆ. ಅದರ ಕಿವಿ ತುದಿಗಳಿಗೆ ಹತ್ತಿ ತುರುಕಿದ್ದವಳು ನಾನೇ. ಜೊತೆಯ ನರ್ಸ್ ಲೀಲಾಳನ್ನು ಗೋಳುಹೊಯ್ದುಕೊಳ್ಳಲು ಅವಳ ಸ್ಟೆತಸ್ಕೋಪಿಗೆ ಹಾಗೆ ಮಾಡಿದ್ದೆ. ಡಾಕ್ಟರು ಅವಸರದಲ್ಲಿ ಅದನ್ನೇ ಎತ್ತಿಕೊಂಡಿದ್ದರು.

ಬೈಗುಳಕ್ಕೆ ಕಾದು ನಿಂತೆ. ಅವರು ತಲೆಯಾಡಿಸಿ, "ಏನೂ ತೊಂದ್ರೆ ಇಲ್ಲ, ಎದೆ ಕ್ಲಿಯರ್ ಆಗಿದೆ" ಎಂದರು.

ನನ್ನ ಕಿತಾಪತಿ ಗೊತ್ತಾಗಿ ನನ್ನನ್ನೇ ಆಟವಾಡಿಸುತ್ತಿದ್ದಾರೆಯೇ? ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. ರೋಗಿ ಔಷಧಿಗೆಂದು ಹೊರಗೆ ಹೋದಾಗ ಸ್ಟೆತಸ್ಕೋಪು ತೆಗೆದು ನೋಡಿದೆ. ಹತ್ತಿ ಅಲ್ಲೇ ಗಟ್ಟಿಯಾಗಿ ಕೂತಿತ್ತು. ಅನುಮಾನ ಬೇರೆ ಕಡೆ ತಿರುಗಿತು. ಅವರ ಬೆನ್ನ ಹಿಂದೆ ನಿಂತು ಮೆಲ್ಲಗೆ "ಸಾರ್" ಎಂದೆ. ಮತ್ತೊಮ್ಮೆ ಕರೆದೆ. ಅವರು ತಿರುಗಲಿಲ್ಲ.

ಎದುರಿಗೆ ಹೋಗಿ ಸ್ಟೆತಸ್ಕೋಪಿನಿಂದ ಹತ್ತಿಯನ್ನು ಕಿತ್ತು ಮೇಜಿನ ಮೇಲಿಟ್ಟೆ. ಡಾಕ್ಟರು ಅದನ್ನು ಎತ್ತಿ ನೋಡಿದರು.

"ಎರಡು ವರ್ಷದಿಂದ ಸರಿಯಾಗಿ ಕೇಳಿಸ್ತಿಲ್ಲಮ್ಮ. ನಾಡಿ, ಮುಖ ನೋಡಿ ಹೇಳ್ತಿದೀನಿ. ಆ ಮನುಷ್ಯನ್ನ ಹೋಗೋಕೆ ಬಿಡ್ಬೇಡ."

ಓಡಿ ಹೋಗಿ ರೋಗಿಯನ್ನು ಕರೆತಂದೆ. ನಮ್ಮಲ್ಲೇ ಕೆಲಸಕ್ಕಿದ್ದ ಲೇಡಿ ಡಾಕ್ಟರು ಪರೀಕ್ಷಿಸಿ, ಎಡಗಡೆ ನ್ಯುಮೋನಿಯಾ ಎಂದು ಅಡ್ಮಿಟ್ ಮಾಡಿಕೊಂಡರು. ಆತ ಗುಣವಾಗಿ ಮನೆಗೆ ಹೋದ.

ಎಂಬತ್ತರ ದಶಕದ ಆರಂಭದಲ್ಲಿ, ಚಾಮರಾಜಪೇಟೆಯ ಪುಟ್ಟ ನರ್ಸಿಂಗ್ ಹೋಮಿನಲ್ಲಿ ನಡೆದದ್ದು ಇದು. ಆ ತಿಂಗಳೇ ಡಾಕ್ಟರು ರೋಗಿಗಳನ್ನು ನೋಡುವುದನ್ನು ನಿಲ್ಲಿಸಿದರು. ಕೇಳಿದವರಿಗೆಲ್ಲ "ವಯಸ್ಸಾಯ್ತು" ಎಂದರೇ ಹೊರತು ಹತ್ತಿಯ ವಿಷಯ ಎತ್ತಲಿಲ್ಲ. ಅದು ನನ್ನನ್ನು ಕಾಪಾಡಲಿಕ್ಕೋ, ತಮ್ಮ ಮಾನ ಉಳಿಸಿಕೊಳ್ಳಲಿಕ್ಕೋ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ.